ಆಗಲ್ಲ ಎನ್ನುವ ಪಾಠ

ಆ ತರಬೇತಿ ಶಾಲೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಜೋಪಾನ ಟೀಚರ್ ಎಂದು. ಹೆಸರಿಟ್ಟವರು ಹಿಂದಿನ ಬೆಂಚಿನ ಯಾರೋ ಪುಣ್ಯಾತ್ಮರು. ಮೆಟ್ಟಿಲಿಳಿಯುವವರಿಗೆ ಜೋಪಾನ, ನೀರು ಕುಡಿಯುವವರಿಗೆ ಜೋಪಾನ, ಸುಮ್ಮನೆ ಕುಳಿತವರಿಗೂ ಒಂದು ಜೋಪಾನ ಹೇಳದೆ ಅವಳು ಮುಂದೆ ಹೋದದ್ದಿಲ್ಲ. ಹೆಸರು ಕಿವಿಗೆ ಬಿದ್ದಾಗ ಅವಳಿಗೆ ಬೇಸರವೇನೂ ಆಗಲಿಲ್ಲ. ಗಣಿತದ ಮೇಷ್ಟರಿಗೆ ಮಕ್ಕಳು ಇಟ್ಟ ಹೆಸರಿಗಿಂತ ಇದು ಎಷ್ಟೋ ಮೇಲು ಎಂದು ಸಮಾಧಾನ ಮಾಡಿಕೊಂಡಳು.

ಅವಳು ಕಲಿಸುತ್ತಿದ್ದದ್ದು ಕೆಲಸದ ಜಾಗದಲ್ಲಿ ಮೈಕೈ ಉಳಿಸಿಕೊಳ್ಳುವ ವಿದ್ಯೆ. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಓದು ಮುಗಿಸುವ ಮೊದಲು ಎರಡು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ದುಡಿದು ಬರಬೇಕು, ಅದಕ್ಕೆ ಮುಂಚೆ ಈ ಪಾಠ ಆಗಿರಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಊಟವಾದ ಮೇಲಿನ ಪೀರಿಯಡ್ಡು, ಅಂದರೆ ದೇವರೇ ಬಂದು ಪಾಠ ಮಾಡಿದರೂ ಆಕಳಿಸುವ ಹೊತ್ತು.

ಶುರುವಿನಲ್ಲಿ ಅವಳೂ ಪುಸ್ತಕದಲ್ಲಿದ್ದದ್ದನ್ನೇ ಹೇಳಿದಳು. ಹೆಲ್ಮೆಟ್ಟು, ಕೈಗವಸು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು. ಮಕ್ಕಳು ಗಿಳಿಪಾಠ ಒಪ್ಪಿಸಿ ಒಳ್ಳೆಯ ಅಂಕ ತೆಗೆದರು. ಆಮೇಲೊಂದು ದಿನ ಹಳೆಯ ವಿದ್ಯಾರ್ಥಿಯೊಬ್ಬ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಓಡುತ್ತಿದ್ದ ಮೆಷಿನ್ನಿಗೆ ಕೈ ಹಾಕಿದ್ದನಂತೆ. ಹಾಕಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಪೂರ್ತಿ ಅಂಕ ಪಡೆದಿದ್ದ. ಮತ್ತೇಕೆ ಹಾಕಿದೆ ಎಂದು ಕೇಳಿದರೆ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು, "ದೊಡ್ಡವರು ಹೇಳಿದಾಗ ಆಗಲ್ಲ ಅನ್ನೋದು ಹೇಗೆ ಟೀಚರ್?" ಎಂದ.

ಆ ಪ್ರಶ್ನೆ ಅವಳನ್ನು ಬಹಳ ದಿನ ಕಾಡಿತು. ತಾನು ಇಷ್ಟು ದಿನ ಹೇಳಿಕೊಟ್ಟದ್ದೆಲ್ಲ ಮಕ್ಕಳಿಗೆ ಮೊದಲೇ ಗೊತ್ತಿರುವುದು, ಗೊತ್ತಿಲ್ಲದ್ದನ್ನು ತಾನು ಹೇಳಿಕೊಟ್ಟೇ ಇಲ್ಲ ಎನಿಸಿತು. ಹುಟ್ಟಿದಾಗಿನಿಂದ ದೊಡ್ಡವರ ಮಾತು ಕೇಳು, ಎದುರು ಮಾತಾಡಬೇಡ ಎಂದು ಹೇಳಿಸಿಕೊಂಡು ಬೆಳೆದವರು ಕಾರ್ಖಾನೆಯ ಬಾಗಿಲು ದಾಟಿದ ಕೂಡಲೇ ಬೇರೆಯವರಾಗುವುದು ಹೇಗೆ?

ಅಂದಿನಿಂದ ಪಾಠದಲ್ಲಿ ಅರ್ಧ ನಾಟಕವಾಯಿತು. ಟೀಚರೇ ಮಾಲೀಕ. ಮೇಜಿಗೆ ಒರಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಬ್ಬೊಬ್ಬರನ್ನೇ ಮುಂದೆ ಕರೆದು ಮಾಡಬಾರದ ಕೆಲಸ ಹೇಳುವುದು. ನಿಂತವರು ಜಗಳವಾಡದೆ, ಹಿಂದಕ್ಕೂ ಸರಿಯದೆ, "ಸರಿ ಮಾಡಿದ ಮೇಲೆ ಮಾಡ್ತೀನಿ, ಈಗ ಆಗಲ್ಲ" ಎನ್ನಬೇಕು. ಇಷ್ಟೇ. ಮನೆಯಲ್ಲಿ ಅಮ್ಮನಿಗೆ ದಿನವಿಡೀ ಆಗಲ್ಲ ಆಗಲ್ಲ ಎನ್ನುವ ಶೂರರು ಇಲ್ಲಿ ನೆಲ ನೋಡುತ್ತಿದ್ದರು. ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ಗದರಿಸಿದರೆ ಹೇಗೋ ತಡೆದುಕೊಳ್ಳುತ್ತಾರೆ. ಅದೇ ದನಿ ತಗ್ಗಿಸಿ, ನಿನ್ನನ್ನ ಮನೆ ಮಗಳ ಥರ ನೋಡ್ಕೊಂಡಿದೀನಿ, ಇಷ್ಟು ಮಾಡಿಕೊಡಲ್ವಾ ಎಂದರೆ ಸಾಕು, ಎಂಥ ಗಟ್ಟಿಗರೂ ಬೆಣ್ಣೆಯಂತೆ ಕರಗುತ್ತಾರೆ. ಪ್ರೀತಿಯಲ್ಲಿ ಹೇಳಿದ್ದನ್ನು ನಿರಾಕರಿಸುವುದು ಬೈದು ಹೇಳಿದ್ದನ್ನು ನಿರಾಕರಿಸುವುದಕ್ಕಿಂತ ಕಷ್ಟ.

ಮಾಲೀಕನ ಮಾತುಗಳಿಗೆ ಅವಳು ಎಲ್ಲೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅವೆಲ್ಲ ಲಾಂಡ್ರಿ ನಡೆಸುವ ಅವಳ ಅಣ್ಣನವು. "ಇಪ್ಪತ್ತೈದು ವರ್ಷದಿಂದ ಮಾಡ್ತಿದೀನಿ, ನೋಡು, ಹತ್ತೂ ಬೆರಳು ಇದಾವೆ" ಎಂದು ಎರಡೂ ಕೈ ಬಿಡಿಸಿ ತೋರಿಸುವುದೂ ಅಣ್ಣನದೇ. ಅವಳು ಅದನ್ನು ಮಾಡಿ ತೋರಿಸುವಾಗ ತರಗತಿಯಲ್ಲಿ ನಗುವಿನ ಅಲೆಯೇಳುತ್ತಿತ್ತು, ಆಕಳಿಕೆ ಎಲ್ಲೋ ಓಡಿಹೋಗುತ್ತಿತ್ತು.

ಅಣ್ಣ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅಪ್ಪ ತೀರಿಕೊಂಡಾಗ ಅವಳಿನ್ನೂ ಲಂಗ ತೊಡುವ ಹುಡುಗಿ, ಅವನಿಗೆ ಮೀಸೆ ಚಿಗುರುತ್ತಿತ್ತು. ಅಪ್ಪನ ಲಾಂಡ್ರಿಯನ್ನು ಹೆಗಲಿಗೆ ಹಾಕಿಕೊಂಡು ಅವಳನ್ನು ಓದಿಸಿದ. ಅವಳಿಗೆ ಕಾಮಾಲೆಯಾದಾಗ ಆಸ್ಪತ್ರೆಯ ನೆಲದ ಮೇಲೆ ಮಲಗಿ ಎದ್ದ. ಮುಂದೆ ಅವಳು ಲಾಂಡ್ರಿಯಲ್ಲೇ ಹತ್ತು ವರ್ಷ ಕೆಲಸ ಮಾಡಿದಳು, ಒಂದು ದಿನ ಅವನೇ, "ಈ ಹಬೆಯಲ್ಲಿ ನೀನು ಬೆಂದಿದ್ದು ಸಾಕು" ಎಂದು ಟೀಚರ್ ತರಬೇತಿಗೆ ಸೇರಿಸಿದ. ಅವನ ಮಾತಿಗೆ ಅವಳು ಒಮ್ಮೆಯೂ ಇಲ್ಲ ಎಂದವಳಲ್ಲ. ಅವನು ತೋರಿಸಿದ ಮೊದಲ ಗಂಡಿಗೇ ಹೂಂ ಎಂದಳು. ಅದೃಷ್ಟಕ್ಕೆ ಗಂಡ ಒಳ್ಳೆಯವನಾಗಿದ್ದ.

ಲಾಂಡ್ರಿ ಈಗ ದೊಡ್ಡದಾಗಿತ್ತು. ಆಸ್ಪತ್ರೆಗಳ, ಹೋಟೆಲುಗಳ ಹೊದಿಕೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಳಗೆ ಒಂದು ಕೋಣೆಯಷ್ಟು ಉದ್ದದ ರೋಲರ್ ಇಸ್ತ್ರಿ. ಕಾದ ಉರುಳೆ ಸುತ್ತುತ್ತಲೇ ಇರುತ್ತದೆ, ಇಬ್ಬರು ಒದ್ದೆ ಬಟ್ಟೆಯ ತುದಿ ಹಿಡಿದು ಅದರ ಬಾಯಿಗೆ ಕೊಡಬೇಕು, ಅದು ಎಳೆದುಕೊಂಡು ಆಚೆ ಕಡೆ ಗರಿಗರಿಯಾಗಿ ಉಗುಳುತ್ತದೆ. ಬಟ್ಟೆಯ ಜೊತೆ ಬೆರಳೂ ಹೋಗಬಾರದೆಂದು ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇದೆ. ಕೈ ತಾಕಿದರೆ ಮೆಷಿನ್ನು ನಿಲ್ಲುತ್ತದೆ. ತೊಂದರೆ ಏನೆಂದರೆ ದಪ್ಪ ಅಂಚಿನ ಬಟ್ಟೆ ತಾಕಿದರೂ ನಿಲ್ಲುತ್ತದೆ, ನಿಂತಾಗಲೆಲ್ಲ ಒಳಗಿರುವ ಬಟ್ಟೆ ಸೀಯುತ್ತದೆ, ಹೊರಗೆ ಆಸ್ಪತ್ರೆಯ ವ್ಯಾನಿನವನು ಹಾರನ್ ಹೊಡೆಯುತ್ತಾನೆ. ಅದಕ್ಕೆ ಹರಿದ ಹೊದಿಕೆಯ ಚಿಂದಿಯಿಂದ ಅಡ್ಡಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿಬಿಡುವುದು ಅಲ್ಲಿನ ವಾಡಿಕೆ. ಅವಳ ಕಾಲದಲ್ಲೂ ಹಾಗೇ ಇತ್ತು.

ಪ್ರತಿ ವರ್ಷ ಅವಳ ಶಾಲೆಯ ಆರು ಮಕ್ಕಳನ್ನು ಅಣ್ಣ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ. ಎಳೆಯರು ಬೇಡಪ್ಪಾ ಎಂದು ಬೇರೆ ಮಾಲೀಕರೆಲ್ಲ ಬಾಗಿಲು ಹಾಕಿಕೊಳ್ಳುವಾಗ ಅವನೊಬ್ಬನೇ ಕೈಬಿಡದವನು. ಪ್ರಿನ್ಸಿಪಾಲರಿಗೆ ಅವನೆಂದರೆ ಬಹಳ ಗೌರವ. ಅವಳು ಪರಿಶೀಲನೆಗೆ ಹೋದಾಗ ಅಡ್ಡಪಟ್ಟಿಯ ಚಿಂದಿ ಬಿಚ್ಚಿಯೇ ಇರುತ್ತಿತ್ತು. ಆದರೆ ಹೋಗುವ ಹಿಂದಿನ ದಿನ, ಅಣ್ಣಾ, ನಾಳೆ ಬರ್ತೀನಿ ಎಂದು ಅವಳು ಫೋನು ಮಾಡುತ್ತಿದ್ದಳು. ಒಡಹುಟ್ಟಿದವನ ಅಂಗಡಿಗೆ ಹೋಗಲು ಫೋನು ಯಾಕೆ? ಈ ಪ್ರಶ್ನೆಯನ್ನು ಅವಳು ತನಗೆ ತಾನೇ ಎಂದೂ ಕೇಳಿಕೊಳ್ಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಈ ವರ್ಷದ ಆರು ಜನರಲ್ಲಿ ಒಬ್ಬಳು ಪಿಸುಮಾತಿನ ಹುಡುಗಿ. ಅವಳು ಮಾತಾಡಿದರೆ ಪಕ್ಕದವಳಿಗೆ ಕೇಳಿಸಿದರೆ ಹೆಚ್ಚು. ನಾಟಕದಲ್ಲಿ ಅವಳ ಸರದಿ ಬಂದಾಗ ತುಟಿ ಅಲ್ಲಾಡಿತೇ ಹೊರತು ದನಿ ಬರಲಿಲ್ಲ. ಟೀಚರು ಅವಳನ್ನು ಕಾರಿಡಾರಿನ ಆ ತುದಿಯಲ್ಲಿ ನಿಲ್ಲಿಸಿ ಕೂಗಿಸಲು ನೋಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಇವಳ ಕೈಲಿ ಆಗದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಪಾಸು ಮಾಡಿದಳು.

ಕೆಲಸಕ್ಕೆ ಸೇರಿ ಎರಡನೆಯ ವಾರವೋ ಏನೋ, ಹುಡುಗಿಯನ್ನು ರೋಲರಿನ ಮುಂದೆ ನಿಲ್ಲಿಸಿದರು. ಅಡ್ಡಪಟ್ಟಿಗೆ ಕಟ್ಟಿದ್ದ ಚಿಂದಿಯನ್ನು ಅವಳು ನೋಡಿದಳು, ಕೆಂಪು ಗುಂಡಿ ಒತ್ತಿ ಮೆಷಿನ್ನು ನಿಲ್ಲಿಸಿದಳು. ಇದನ್ನ ಬಿಚ್ಚಿದ ಮೇಲೆ ಮಾಡ್ತೀನಿ, ಈಗ ಆಗಲ್ಲ ಎಂದಳಂತೆ, ಅದೇ ಪಿಸುದನಿಯಲ್ಲಿ. ಮೆಷಿನ್ನು ನಿಂತು ಎಲ್ಲ ನಿಶ್ಶಬ್ದವಾಗಿದ್ದರಿಂದ ಎಲ್ಲರಿಗೂ ಕೇಳಿಸಿತು. ಅಣ್ಣ ಬಂದ. ಮೊದಲು ಗದರಿದ, ಆಮೇಲೆ ಪುಸಲಾಯಿಸಿದ, ಕೊನೆಗೆ ಎರಡೂ ಕೈ ಬಿಡಿಸಿ ಹತ್ತು ಬೆರಳು ತೋರಿಸಿದ. ಅಲ್ಲಿದ್ದ ಉಳಿದ ಮಕ್ಕಳಲ್ಲಿ ಇಬ್ಬರಿಗೆ ನಗು ತಡೆಯಲಾಗಲಿಲ್ಲ. ಯಾಕೆ ನಗ್ತೀರಿ ಎಂದು ಕೇಳಿದಾಗ ಒಬ್ಬ ಬಾಯಿಬಿಟ್ಟ.

ಆ ಸಂಜೆ ಅಣ್ಣ ತಂಗಿಯ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ ಕುಳಿತ. ಮೆಷಿನ್ನು ನಿಂತದ್ದಕ್ಕೂ, ವ್ಯಾನು ತಡವಾದದ್ದಕ್ಕೂ ಅವನಿಗೆ ಸಿಟ್ಟಿತ್ತು. ಆದರೆ ಅವನ ಮುಖ ಕಂದಿದ್ದು ಸಿಟ್ಟಿನಿಂದಲ್ಲ.

"ಕ್ಲಾಸಲ್ಲಿ ನನ್ನ ಥರ ಮಾತಾಡಿ ಮಕ್ಕಳನ್ನ ನಗಿಸ್ತೀಯಂತೆ" ಎಂದ.

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವನು ಕೇಳಿದ್ದು ಒಂದೇ. ಹುಡುಗಿ ನಾಳೆ ಎಲ್ಲರ ಮುಂದೆ ತಪ್ಪಾಯ್ತು ಅಂತ ಒಂದು ಮಾತು ಹೇಳಲಿ, ಅಲ್ಲಿಗೆ ಮುಗಿಯಿತು. ಹೇಳದಿದ್ದರೆ ಇನ್ನು ಮುಂದೆ ಆ ಶಾಲೆಯ ಮಕ್ಕಳು ತನಗೆ ಬೇಡ. ಅವಳು, ನೋಡ್ತೀನಿ ಅಣ್ಣಾ ಎಂದಳು. ಅವರಿಬ್ಬರ ನಡುವೆ ನೋಡ್ತೀನಿ ಎಂದರೆ ಆಯಿತು ಎಂದೇ ಅರ್ಥ.

ಬೆಳಿಗ್ಗೆ ಹುಡುಗಿಯ ಮನೆಗೆ ಹೋಗಿ ಅವಳನ್ನು ಕರೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಬುದ್ಧಿ ಹೇಳಿದಳು. ನೀನು ಮಾಡಿದ್ದು ತಪ್ಪಲ್ಲ, ಆದರೂ ಹಿರಿಯರು, ಒಂದು ಮಾತಿನಿಂದ ಎಲ್ಲ ಸರಿಹೋಗುವುದಾದರೆ ಹೇಳಿದರೇನು ನಷ್ಟ, ಉಳಿದ ಐವರ ಭವಿಷ್ಯವೂ ಇದೆಯಲ್ಲ. ಹೇಳುತ್ತ ಹೇಳುತ್ತ ದನಿ ತಾನಾಗಿ ಮೆತ್ತಗಾಗುತ್ತಿದ್ದದ್ದು ಅವಳಿಗೇ ಕೇಳಿಸಿತು. ಹುಡುಗಿ ವಾದ ಮಾಡಲಿಲ್ಲ. ಆಯ್ತು ಟೀಚರ್ ಎಂದಳು. ಬೇಕರಿಯ ತಿರುವು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಅದನ್ನ ಕಟ್ಟಿರ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಗೊತ್ತಿಲ್ಲ ಎನ್ನಬಹುದಿತ್ತು. ಹುಡುಗಿ ನಂಬುತ್ತಿದ್ದಳು ಕೂಡ.

"ಗೊತ್ತಿತ್ತು" ಎಂದಳು.

ಹುಡುಗಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಬೈದಿದ್ದರೆ ಟೀಚರಿಗೆ ಅಷ್ಟು ನೋಯುತ್ತಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಪರರನ್ನು ಎಷ್ಟು ಸಲ ಆಡಿಕೊಂಡಿದ್ದಳೋ. ಈಗ ನೋಡಿದರೆ, ತಾನು ಅಣ್ಣನಿಗೆ ಹೇಳಬೇಕಾದ ಮಾತನ್ನು ಹೇಳಲಾರದೆ, ಅದನ್ನು ವರ್ಷ ವರ್ಷವೂ ಹದಿನಾರರ ಮಕ್ಕಳ ಬಾಯಿಗೆ ತುರುಕಿ ಅವನೆದುರು ಕಳಿಸುತ್ತಿದ್ದಳು.

ಲಾಂಡ್ರಿಯಲ್ಲಿ ಮೆಷಿನ್ನು ನಿಲ್ಲಿಸಿದ್ದರು. ಕೆಲಸದವರೆಲ್ಲ ಬಟ್ಟೆಯ ಗಾಡಿಗಳ ನಡುವೆ ನಿಂತಿದ್ದರು, ಐದು ಮಕ್ಕಳು ಗೋಡೆಗೆ ಒತ್ತಿಕೊಂಡಿದ್ದರು. ಅಡ್ಡಪಟ್ಟಿಗೆ ಚಿಂದಿ ಕಟ್ಟಿಯೇ ಇತ್ತು. ಇವತ್ತು ಅದನ್ನು ಬಿಚ್ಚುವ ಅಗತ್ಯವೂ ಅಣ್ಣನಿಗೆ ಕಂಡಿರಲಿಲ್ಲ. ಹುಡುಗಿ ಒಂದು ಹೆಜ್ಜೆ ಮುಂದೆ ಹೋಗಿ ಬಾಯಿ ತೆರೆದಳು. ಟೀಚರು ಅವಳ ಭುಜ ಹಿಡಿದಳು.

"ನೀನು ಹೇಳ್ಬೇಡ" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. ಎಷ್ಟೋ ಮಕ್ಕಳಿಗೆ ಕಲಿಸಿದ ಮಾತು ಅವಳಿಗೇ ಬರಲೊಲ್ಲದು. ಬಂದದ್ದು ಪಿಸುಮಾತಿಗಿಂತ ತುಸು ಜೋರಾಗಿ, ಅಷ್ಟೇ.

"ಅಣ್ಣಾ, ತಪ್ಪು ಇವಳದಲ್ಲ. ಇದು ಗೊತ್ತಿದ್ದೂ ಇವರನ್ನ ಕಳಿಸಿದ್ದು ನಾನು. ನಿನ್ನ ಥರ ಮಾತಾಡಿ ನಗಿಸಿದ್ದೂ ತಪ್ಪೇ, ಅದಕ್ಕೆ ನಾನು ಕ್ಷಮೆ ಕೇಳ್ತೀನಿ. ಆದ್ರೆ ಇದನ್ನ ಬಿಚ್ಚೋವರೆಗೆ ನಮ್ಮ ಮಕ್ಕಳನ್ನ ಇಲ್ಲಿ ನಿಲ್ಲಿಸೋಕೆ ಆಗಲ್ಲ."

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು. ಅವನ ಕಣ್ಣು ಒದ್ದೆಯಾಯಿತು.

"ನಿನ್ನನ್ನ ಮಗಳ ಥರ ಸಾಕಿದೀನಿ" ಎಂದ.

"ಸಾಕಿದೀಯ ಅಣ್ಣಾ. ಅದಕ್ಕೇ ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತು."

ಅವನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೆಷಿನ್ನು ಹಾಕಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆರು ಮಕ್ಕಳನ್ನು ಕರೆದುಕೊಂಡು ಅವಳು ಹೊರಗೆ ಬಂದಳು. ಇವರಿಗೆ ಇನ್ನೆಲ್ಲಿ ಕೆಲಸ ಹುಡುಕುವುದು, ಪ್ರಿನ್ಸಿಪಾಲರಿಗೆ ಏನು ಹೇಳುವುದು, ಅಣ್ಣ ಇನ್ನು ಮನೆಗೆ ಬರುತ್ತಾನೋ ಇಲ್ಲವೋ? ಗೇಟಿನ ಹತ್ತಿರ ಬರುವಷ್ಟರಲ್ಲಿ ಮೊಣಕಾಲು ಗಡಗಡ ನಡುಗತೊಡಗಿತು. ಮಕ್ಕಳು ನೋಡುತ್ತಾರೆಂಬ ನಾಚಿಕೆಯನ್ನೂ ಬಿಟ್ಟು ಕಟ್ಟೆಯ ಮೇಲೆ ಕುಸಿದಳು. ಒಂದು ನಿಮಿಷಕ್ಕೆಲ್ಲ, ನಡೀರಿ ಹೋಗೋಣ ಎಂದು ಏಳಲು ನೋಡಿದಳು. ಕಾಲು ಕೇಳಲಿಲ್ಲ.

ಪಿಸುಮಾತಿನ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ ಟೀಚರ್. ನಿನ್ನೆ ನನಗೂ ಸಂಜೆವರೆಗೆ ಹೀಗೇ ನಡುಗ್ತಿತ್ತು" ಎಂದಳು.