ಮೇಷ್ಟ್ರ ಮಂಡಿನೋವು

ಹೊಸಕೋಟೆಯ ಶಾಲೆಯಲ್ಲಿ ನಮಗೆ ಡ್ರಿಲ್ ಹೇಳಿಕೊಟ್ಟ ಮೇಷ್ಟ್ರು, ವಯಸ್ಸಾದ ಮೇಲೆ ಹೆಂಡತಿಯೊಡನೆ ಇಟಲಿ ನೋಡಲು ಬಂದಿದ್ದರು. ಅದೇ ಪ್ರವಾಸದಲ್ಲಿ ನಾನೂ ಇದ್ದೆ. ನಾವು ಅಮ್ಮನವರು ಎನ್ನುತ್ತಿದ್ದ ಮೇಷ್ಟ್ರ ಹೆಂಡತಿಯದು ಊರುಗೋಲಿನ ನಡಿಗೆ. ಇಪ್ಪತ್ತು ಹೆಜ್ಜೆಗೊಮ್ಮೆ ಮೇಷ್ಟ್ರು ಮೈದಾನದ ದನಿಯಲ್ಲಿ "ವಿಶ್ರಾಮ್!" ಎಂದು ಕೂಗಿ, ತಮ್ಮದೇ ಮಂಡಿ ಹಿಡಿದುಕೊಂಡು, "ಆಗಲ್ಲ ಕಣೇ, ಕೂತ್ಕೊಳಾಣ" ಎನ್ನುತ್ತಿದ್ದರು.

ವೆನಿಸ್‌ನಲ್ಲಿ ಒಂದು ಸೇತುವೆಯನ್ನು ಹೇಗೋ ದಾಟಿ ಕೂತಾಗ, ಅಮ್ಮನವರ ಮಾತ್ರೆ ಚೀಲ ಆಚೆ ದಡದಲ್ಲೇ ಉಳಿದದ್ದು ಗೊತ್ತಾಯಿತು. ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿಕೊಂಡು ಓಡಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಅವ್ರ ಮಂಡಿಗೆ ಏನೂ ಆಗಿಲ್ಲ ಕಣಪ್ಪಾ. ನಂಗೊತ್ತು ಅಂತ ಅವ್ರಿಗೆ ಹೇಳ್ಬೇಡ" ಎಂದರು ಅಮ್ಮನವರು.

ಮೇಷ್ಟ್ರು ಚೀಲ ಹಿಡಿದು ಕುಂಟುತ್ತಾ ಬಂದರು. ಆಕೆ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟು, "ತುಂಬಾ ನೋಯ್ತಾ ಇದ್ಯಾ?" ಎನ್ನುತ್ತಾ ಅವರ ಮಂಡಿ ನೀವತೊಡಗಿದರು.