ಪಕ್ಕದಲ್ಲೊಂದು ಕೋಣೆಯಿತ್ತು

ಭಾವ, ಆ ದಿನ ವಿಮಾನ ನಿಲ್ದಾಣದಲ್ಲಿ ನಿಮ್ಮ ಕಾಲನ್ನು ಎಲ್ಲರೆದುರು ಬಿಚ್ಚಿಸಿದ್ದು ಅವರಲ್ಲ—ನಾನು. ನೀವು ಇಷ್ಟು ವರ್ಷ ಬೈಯುತ್ತ ಬಂದಿರುವ ಆ ತಪಾಸಣೆಯವನು ಪಕ್ಕದಲ್ಲಿ ಕೋಣೆ ಇದೆಯೆಂದು ಹೇಳಿದ್ದ. ಬೇಡವೆಂದವನು ನಾನು.

ಬರೆದು ನೋಡಿದರೆ ಎರಡೋ ಮೂರೋ ಸಾಲು. ಇದಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು—ಗೊತ್ತಿಲ್ಲ. ಎದೆ ಹೊಡೆದುಕೊಳ್ಳುವುದೂ ಇಲ್ಲ ಈಗ. ಹಲ್ಲು ಕೀಳಿಸುವ ಮೊದಲು ಮರಗಟ್ಟಿದ ದವಡೆಯ ಹಾಗೆ. ಒತ್ತಿದರೆ ಒತ್ತಿದ್ದು ತಿಳಿಯುತ್ತದೆ, ಅಷ್ಟೆ.

ನನ್ನ ಸ್ವಭಾವ ನಿಮಗೆ ಗೊತ್ತು. ಕುಂಬಳೆಯ ಬಸ್ಸಿಗೂ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವವನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬರುವವನು. ನಿಮ್ಮ ಮಗಳು ಸುಮತಿ ಆಗ ಮುಂಬೈಯಲ್ಲಿ ನರ್ಸ್. ಅವಳ ಮನೆ ನೋಡಲು ನೀವು ಮೊದಲ ಸಲ ವಿಮಾನ ಹತ್ತುವುದೆಂದಾಯಿತು. ಅಕ್ಕನಿಗೆ ಮೈ ಹುಷಾರಿರಲಿಲ್ಲ, ಭಾಷೆಗೆಂದು ನನ್ನನ್ನು ಕರೆದಿರಿ. ಹಿಂದಿ ಮಾಷ್ಟ್ರಲ್ಲವೇ ನಾನು—ಶಾಲೆಯ ಮಕ್ಕಳಿಗೆ ಹೊಡೆದು ಕಲಿಸಿದ ಹಿಂದಿ ಒಮ್ಮೆಯಾದರೂ ದೊಡ್ಡವರ ಮುಂದೆ ಉಪಯೋಗಕ್ಕೆ ಬರಲಿ ಎಂದು ನೀವೇ ತಮಾಷೆ ಮಾಡಿದ್ದಿರಿ.

ಸಕ್ಕರೆ ಕಾಯಿಲೆ ನಿಮ್ಮ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ಕೊಂಡುಹೋಗಿತ್ತು—ಪೈವಳಿಕೆ ಲೈನಿನ ಬಸ್ಸಿನಲ್ಲಿ ಅಷ್ಟು ವರ್ಷ ಬ್ರೇಕು ಒತ್ತಿದ ಕಾಲು. ಅಲ್ಲಿಂದ ಮುಂಡು ಉಡುವುದನ್ನೇ ಬಿಟ್ಟಿರಿ. ಮನೆಯಲ್ಲೂ ಪ್ಯಾಂಟು. ಆ ಕೃತಕ ಕಾಲನ್ನು ಬಿಚ್ಚಿಟ್ಟದ್ದನ್ನು ಅಕ್ಕನ ಹೊರತು ಯಾರೂ ಕಂಡಿರಲಿಲ್ಲ. ನಾನೂ.

ಆ ದಿನ ನೀವು ತಪಾಸಣೆಯ ಚೌಕಟ್ಟು ದಾಟಿದ ಕೂಡಲೇ ಯಂತ್ರ ಕೂಗಿತು. ತಪಾಸಣೆಯವನು ಪ್ಯಾಂಟಿನ ಮೇಲಿಂದ ಮುಟ್ಟಿ ನೋಡಿದ, ಅರ್ಥ ಮಾಡಿಕೊಂಡ, ದನಿ ತಗ್ಗಿಸಿ ನನಗೆ ಹಿಂದಿಯಲ್ಲಿ ಹೇಳಿದ: ಕಾಲನ್ನು ಯಂತ್ರದಲ್ಲಿ ಹಾಯಿಸಬೇಕು, ಪಕ್ಕದಲ್ಲಿ ಕೋಣೆಯಿದೆ, ಅಲ್ಲಿ ಕೂತು ಬಿಚ್ಚಬಹುದು, ಬೀಗದ ಕೈ ತರಿಸಲು ಸ್ವಲ್ಪ ಹೊತ್ತಾಗುತ್ತದೆ.

ಸ್ವಲ್ಪ ಹೊತ್ತು! ಅದನ್ನು ಕೇಳಿದ್ದೇ ನನ್ನ ಮಟ್ಟಿಗೆ ವಿಮಾನ ಹಾರಿಹೋಗಿಯಾಗಿತ್ತು. ಕ್ಯೂವಿನಲ್ಲಿ ಗೊಣಗಾಟ. “ಇವರದ್ದು ಮುಗಿಯುವಾಗ ವಿಮಾನ ಮುಂಬೈಗೆ ಹೋಗಿ ವಾಪಸು ಬರ್ತದೆ ಮಾರಾಯ,” ಎಂದು ಯಾರೋ ನಕ್ಕರು.

“ಜರೂರತ್ ನಹೀಂ,” ಎಂದೆ. ಅಗತ್ಯವಿಲ್ಲ, ಇಲ್ಲಿಯೇ ನೋಡಿ. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ.

ಆಮೇಲೆ ನಿಮ್ಮ ಕಡೆ ತಿರುಗಿದೆ.

“ಕಾಲು ತೆಗೀಬೇಕಂತೆ ಭಾವ. ಇಲ್ಲಿಯೇ.”

“ಇಷ್ಟು ಜನರ ಎದುರಾ? ಒಳಗೆ ಎಲ್ಲಿಯಾದ್ರೂ ಜಾಗ ಉಂಟಾ ಕೇಳು ಮಾರಾಯ.”

“ಕೇಳಿದೆ. ಇಲ್ಲವಂತೆ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಚ್ಚಿದಿರಿ. ಸಾಕ್ಸು, ಬೂಟು ಸಮೇತ ಆ ಕಾಲು ಟ್ರೇಯಲ್ಲಿ ಮಲಗಿ, ನನ್ನ ಬೆಲ್ಟಿನ ಹಿಂದೆ ಹಿಂದೆಯೇ ಯಂತ್ರದೊಳಗೆ ಹೋಯಿತು. ಪ್ಯಾಂಟಿನ ಖಾಲಿ ತುದಿಯನ್ನು ನೀವು ಎರಡೂ ಕೈಯಲ್ಲಿ ಮುದುಡಿ ಹಿಡಿದುಕೊಂಡಿದ್ದಿರಿ. ಆಗಲೇ ಕ್ಯೂವಿನಿಂದ ಒಂದು ದನಿ—“ಹೋ, ನಮ್ಮ ಪೈವಳಿಕೆ ಬಸ್ಸಿನ ಡ್ರೈವರಣ್ಣ ಅಲ್ವಾ? ಇದೆಂತ ಅವಸ್ಥೆ!”

ನೀವು ತಲೆ ಎತ್ತಲಿಲ್ಲ. ನಾನು ಬೆಲ್ಟು ಹಾಕಿಕೊಳ್ಳುತ್ತಿದ್ದೆ.

ವಿಮಾನ ತಡವಾಗಿ ಬಂತು. ಬರಲೇಬೇಕಲ್ಲ. ಅಷ್ಟು ಹೊತ್ತೂ ಗೇಟಿನೆದುರು ಪಕ್ಕಪಕ್ಕ ಕೂತಿದ್ದೆವು. ಕೊನೆಗೆ ನೀವೇ ಮಾತಾಡಿದಿರಿ—“ನೀನು ಇದ್ದದ್ದು ಒಳ್ಳೆಯದಾಯ್ತು. ನಾನೊಬ್ಬನೇ ಆಗಿದ್ರೆ ಇನ್ನೂ ಎಂತೆಲ್ಲ ಮಾಡ್ತಿದ್ರೋ.”

ಆಗ ಹೇಳಬಹುದಿತ್ತು. ಹೋಗಿ ಚಹಾ ತಂದುಕೊಟ್ಟೆ.

ಹಿಂದಿರುಗುವಾಗ ರೈಲೇ ಸಾಕೆಂದಿರಿ. ಅಂದಿನಿಂದ ಆ ತಪಾಸಣೆ ನಮ್ಮ ಮನೆಯ ಕಥೆಯಾಯಿತು. ನೀವು ಹೇಳುವಾಗಲೆಲ್ಲ ನಾನು ತಲೆಯಾಡಿಸಿದೆ. ಅದೂ ಸಾಲದೆಂದು ಪುತ್ತಿಗೆಯ ವಾಚನಾಲಯದಲ್ಲಿ ಪ್ರಯಾಣಿಕರ ಹಕ್ಕುಗಳ ಬಗ್ಗೆ ಭಾಷಣವನ್ನೂ ಬಿಗಿದೆ. ಮರೆಯಲ್ಲಿ ತಪಾಸಣೆ ಕೇಳುವ ಹಕ್ಕು ನಮಗಿದೆ ಎಂದು ಮೇಜು ಗುದ್ದಿದೆ. ಮುಂದಿನ ಸಾಲಿನಲ್ಲಿ ನೀವು ಚಪ್ಪಾಳೆ ತಟ್ಟಿದಿರಿ. ಆಮೇಲೆ ಹೊರಗೆ ಬಂದು, “ಹಕ್ಕು ನಿಮ್ಮ ಭಾಷಣದಲ್ಲಿ ಉಂಟು ಮಾಷ್ಟ್ರೇ. ಅಲ್ಲಿ ಕೇಳಿದ್ರೆ ಜಾಗವೇ ಇಲ್ಲ ಅಂದ್ರಲ್ಲ,” ಎಂದಿರಿ. ಅದಕ್ಕೆ ನನ್ನಲ್ಲಿ—ಒಂದು ಉತ್ತರವಿತ್ತು. ಒಂದೇ.

ಈಗ ಸುಮತಿ ಶಾರ್ಜಾದಲ್ಲಿ. ಅಲ್ಲಿಗೆ ರೈಲಿಲ್ಲ. ಅವರು ರಜೆಯಲ್ಲಿ ಬಂದುಹೋಗುವ ನಾಲ್ಕು ದಿನ ಬಿಟ್ಟರೆ ಮೊಮ್ಮಗಳು ಬೆಳೆದದ್ದನ್ನೆಲ್ಲ ನೀವು ಫೋನಿನಲ್ಲೇ ಕಂಡಿರಿ. ಮೊನ್ನೆ ಅಕ್ಕ ಸುಮತಿಯ ಎರಡನೇ ಬಾಣಂತನಕ್ಕೆಂದು ಹೊರಟು ಪೆಟ್ಟಿಗೆ ತುಂಬಿಸುತ್ತಿದ್ದಾಗ ಮಗು ಫೋನಿನಲ್ಲಿ ಕೇಳಿತು, “ಅಜ್ಜ, ನೀವು ಯಾವಾಗ ಬರುದು?”

“ಬಸ್ಸು ಸಿಕ್ಕಿದ ಕೂಡ್ಲೇ ಬರ್ತೇನೆ ಪುಟ್ಟಾ.”

ಎಲ್ಲರೂ ನಕ್ಕೆವು. ನೀವು ಫೋನನ್ನು ಅಕ್ಕನ ಕೈಗೆ ಕೊಟ್ಟು ಅಂಗಳಕ್ಕೆ ಇಳಿದಿರಿ. “ನೀನಾದ್ರೂ ಒಂದು ಮಾತು ಹೇಳು,” ಎಂದಳು ಅಕ್ಕ, “ನಿನ್ನದಾದ್ರೆ ಕೇಳ್ತಾರೆ.” ನಾನು ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಆ ದಿನ ನನಗೆ ಗಾಬರಿಯಾಗಿತ್ತು ಎಂದರೆ ಅದು ನಿಜ, ಆದರೆ—ಬೇಡ, ಅದನ್ನು ಬರೆಯುವುದಿಲ್ಲ. ಇದನ್ನು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂರುತ್ತೇನೆ. ಆಮೇಲೆ ನನ್ನನ್ನು ಮನೆಯ ಮೆಟ್ಟಿಲು ಹತ್ತಿಸದಿದ್ದರೂ ಸರಿ, ಅಕ್ಕನ ಜೊತೆ ನಿಮಗೂ ಒಂದು ಟಿಕೆಟು ಮಾಡಿಸಿ. ಭಾಷೆಗೆ ನಾನು ಬೇಡ. ಬಾಗಿಲು ತೋರಿಸಿ ಕೇಳಿದರೂ ತಪಾಸಣೆಯವರಿಗೆ ತಿಳಿಯುತ್ತದೆ. ಕೋಣೆ ಉಂಟು ಭಾವ. ಆ ದಿನವೂ ಇತ್ತು.