ಒಡೆಯದ ನಿಂಬೆಹಣ್ಣು

ಕುಮಟೆ ಬಿಟ್ಟು ಗೌರಿಬಿದನೂರಿಗೆ ಬಂದ ನನಗೆ ಪಕ್ಕದ ಮನೆಯ ಮಹೇಶನೇ ಮೊಮ್ಮಗನಿದ್ದಂತೆ. ಹಳೆಯ ಕಾರಿಗೆ ವೇಗ ಹೆಚ್ಚಿಸುವ ಟರ್ಬೊ ಕೂರಿಸಿ ಮೊದಲ ರೇಸಿಗೆ ಹೊರಟವನು, "ನಿಂಬೆಹಣ್ಣು ನೀವೇ ಇಡ್ಬೇಕಜ್ಜಿ" ಎಂದು ಮಂಚೇನಹಳ್ಳಿ ಆಚೆಯ ಖಾಲಿ ರಸ್ತೆಗೆ ನನ್ನನ್ನೂ ಕರೆದೊಯ್ದ. ನಾಲ್ಕೂ ಚಕ್ರದ ಮುಂದೆ ಒಂದೊಂದು ಇಟ್ಟೆ. ಎದುರಾಳಿಯ ಜೊತೆ ಅವನ ಕಾರೂ ಟರ್ಬೊದ ಶಿಳ್ಳೆ ಹಾಕುತ್ತಾ ಕತ್ತಲೆಗೆ ನುಗ್ಗಿತು. ಆಮೇಲೆ ಶಿಳ್ಳೆ ತಟ್ಟನೆ ನಿಂತಿತು.

ಎಷ್ಟೋ ಹೊತ್ತಿಗೆ ಮೆಲ್ಲಗೆ ಹಿಂದಿರುಗಿದ. "ಸೋತೆ ಅಜ್ಜಿ. ಹೊರಟಾಗಿಂದ ಹಿಂದಿನ ಬಲಚಕ್ರ ಯಾರೋ ಎತ್ತಿ ಹಿಡ್ಕೊಂಡಂಗಿತ್ತು. ಹೆದರಿ ನಿಲ್ಲಿಸ್ಬಿಟ್ಟೆ."

ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಆ ಚಕ್ರದ ನಟ್ಟುಗಳೆಲ್ಲ ಸಡಿಲವಾಗಿದ್ದವು. ಇನ್ನಷ್ಟು ದೂರ ಓಡಿಸಿದ್ದರೆ ಚಕ್ರವೇ ಕಳಚುತ್ತಿತ್ತು.

"ಬಿಗಿ ಮಾಡೋದು ಮರೆತೆಯೇನಪ್ಪ?"

ಅವನು ಟಾರ್ಚನ್ನು ಹೊರಟ ಜಾಗಕ್ಕೆ ತಿರುಗಿಸಿದ. ಮೂರು ಹಣ್ಣು ಅಪ್ಪಚ್ಚಿಯಾಗಿದ್ದವು. ಹಿಂದಿನ ಬಲಚಕ್ರಕ್ಕೆ ಇಟ್ಟದ್ದು ಇಟ್ಟಲ್ಲೇ ಇಡಿಯಾಗಿತ್ತು.

ಅದನ್ನು ಮನೆಗೆ ತಂದೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಪಾನಕ ಮಾಡಲು ಕೈ ಬರಲಿಲ್ಲ.